ಸ್ಪ್ರಿಂಗಿನ ಸಂದಿಯಲ್ಲಿ ರೊಟ್ಟಿ ಹಿಟ್ಟು

ನನ್ನ ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಸ್ಪ್ರಿಂಗ್ ಮಾರುವವರು ನನ್ನ ತೂಕ ಕೇಳಿದರು. 82 ಅಂದುಬಿಟ್ಟೆ. ಪೂರಾ ಸುಳ್ಳೂ ಅಲ್ಲ, ಮದುವೆಯ ಹೊತ್ತಿಗೆ ಅಷ್ಟೇ ಇದ್ದೆ. ಆದರೆ ಆ ಒಂದು ಅಂಕಿಯ ದೆಸೆಯಿಂದ ಒಂದೇ ಗಾಡಿಗೆ ಎರಡು ಸಲ ಸ್ಪ್ರಿಂಗ್ ಕೊಂಡೆ, ಮಳೆಗಾಲ ಪೂರ್ತಿ ಗಾಡಿಯನ್ನು ಶೆಡ್ಡಿನಲ್ಲಿ ಜಾಕಿನ ಮೇಲೆ ಕೂರಿಸಿದೆ, ರೊಟ್ಟಿ ಹಿಟ್ಟು ಕದ್ದು ಮನೆಯವಳ ಕೈಯಲ್ಲಿ ಬೈಸಿಕೊಂಡೆ.

ನಮ್ಮದು ಕೊಡಗಿನ ಸಿದ್ದಾಪುರಕ್ಕೂ ಅಮ್ಮತ್ತಿಗೂ ನಡುವಿನ ರೋಬಸ್ಟಾ ಕಾಫಿ ತೋಟ. ಗಾಡಿ ಸುಜುಕಿ ಕ್ವಾಡ್‌ಸ್ಪೋರ್ಟ್ ಝಡ್ 400, ಬೆಂಗಳೂರಿನವರೊಬ್ಬರು ಎರಡು ವರ್ಷ ಓಡಿಸಿ ಬೇಸರ ಬಂದು ಕೊಟ್ಟಿದ್ದು. 398 ಸಿಸಿ, ಒಂದೇ ಸಿಲಿಂಡರ್, ಪೆಟ್ರೋಲ್ ತುಂಬಿಸಿದರೆ ಹತ್ತಿರ ಹತ್ತಿರ 195 ಕೆ.ಜಿ. ಇದು ಸಾಮಾನು ಹೊರುವ ಗಾಡಿಯಲ್ಲ, ಹಾರುವ ಗಾಡಿ. ರಸ್ತೆಗೆ ಇಳಿಸುವ ಹಾಗಿಲ್ಲ, ನಂಬರ್ ಪ್ಲೇಟೇ ಸಿಗುವುದಿಲ್ಲ. ಆಚೆ ತೋಟಕ್ಕೆ ಒಯ್ಯಬೇಕಾದರೂ ಪಿಕಪ್ಪಿಗೆ ಹತ್ತಿಸಿ ಹಗ್ಗ ಬಿಗಿಯಬೇಕು. ಐವತ್ತು ದಾಟಿದವನಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ತೊಂದರೆ ಶುರುವಾದದ್ದು ಮುಂದಿನ ಶಾಕಬ್ಸರ್‌ಗಳಿಂದ. ನಮ್ಮ ತೋಟದ ದಾರಿ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಮೊದಲ ಅರ್ಧ ಫರ್ಲಾಂಗು ಸಿಲ್ವರ್ ಓಕ್ ಬೇರು, ಬೆರಳು ದಪ್ಪದಿಂದ ತೋಳು ದಪ್ಪದವರೆಗೆ, ಒಂದರ ಹಿಂದೆ ಒಂದು. ಆಮೇಲೆ ಮಳೆಗೆ ಮಣ್ಣು ಕೊಚ್ಚಿಹೋಗಿ ಎದ್ದು ನಿಂತ ಜಂಬಿಟ್ಟಿಗೆ ಕಲ್ಲು. ಆಮೇಲೆ ಇಳಿಜಾರು, ಅದರ ಬುಡದಲ್ಲಿ ಅಡ್ಡಕ್ಕೆ ತೆಗೆದ ಚರಂಡಿ. ಅದನ್ನು ದಾಟಿದರೆ ಗದ್ದೆ. ಗದ್ದೆಯ ಏರಿ ಸಿಕ್ಕಿತೆಂದರೆ ಗಾಡಿ ತಾನಾಗಿಯೇ ಹಾರುತ್ತದೆ, ನಾನು ಬೇಡವೆಂದರೂ. ಒಂದೇ ದಾರಿಯಲ್ಲಿ ಎರಡು ಬಗೆಯ ಪೆಟ್ಟು ಎಂದಾಯಿತು. ಬೇರು ಕೊಡುವುದು ಸಣ್ಣ, ಬೇಗ ಬೇಗ ಬರುವ ಪೆಟ್ಟು. ಏರಿಯಿಂದ ಕೆಳಗೆ ಬಿದ್ದಾಗಿನದು ಒಂದೇ, ಆದರೆ ದೊಡ್ಡದು.

ಗಾಡಿಯ ಜೊತೆ ಬಂದ ಸ್ಪ್ರಿಂಗಿಗೆ ಎರಡನೆಯದು ತಡೆಯುತ್ತಿರಲಿಲ್ಲ. ಗದ್ದೆಗೆ ಬಿದ್ದಾಗೆಲ್ಲ ಠಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಹ್ಯಾಂಡಲಿನಿಂದ ಮೊಣಕೈವರೆಗೂ ಜುಮ್ಮೆನ್ನುವುದು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರೀಲೋಡ್ ರಿಂಗನ್ನು ಕೊನೆಯವರೆಗೆ ತಿರುಗಿಸಿದೆ. ಗಾಡಿಯ ಮೂಗು ಎರಡಿಂಚು ಮೇಲೆ ಬಂತು. ನೋಡಲು ಚೆಂದ. ಕೂತು ಹೊರಟರೆ ಬೇರುಗಳ ಮೇಲೆ ಎತ್ತಿನ ಗಾಡಿ. ಅಷ್ಟಾದ ಮೇಲೂ ಗದ್ದೆಯಲ್ಲಿ ಠಣ್ ನಿಲ್ಲಲಿಲ್ಲ.

ಇದು ಯಾಕೆ ಹೀಗೆ ಎಂದು ಅರ್ಥವಾಗಲು ನನಗೆ ತಿಂಗಳೇ ಹಿಡಿಯಿತು. ಹೇಳಿದರೆ ಒಂದೇ ಮಾತು. ಪ್ರೀಲೋಡ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಒಂದು ಮಿ.ಮೀ. ಒತ್ತಲು 3 ಕೆ.ಜಿ. ಬೇಡುವ ಸ್ಪ್ರಿಂಗ್, ರಿಂಗನ್ನು ಎಲ್ಲಿಗೆ ತಿರುಗಿಸಿದರೂ ಮಿ.ಮೀ.ಗೆ 3 ಕೆ.ಜಿ.ಯೇ. 15 ಮಿ.ಮೀ. ಬಿಗಿದರೆ, ಮೊದಲ 45 ಕೆ.ಜಿ. ಬೀಳುವ ತನಕ ಅದು ಅಲುಗುವುದೇ ಇಲ್ಲ, ಅಷ್ಟೇ ವ್ಯತ್ಯಾಸ. ಬೇರಿನ ಸಣ್ಣ ಪೆಟ್ಟಿಗೆ ಅಲುಗದೆ ಇದ್ದರೆ ಆ ಪೆಟ್ಟು ಹೋಗುವುದು ನಮ್ಮ ಕೈಗೆ.

ಸಿದ್ದಾಪುರದಲ್ಲಿ ನಮ್ಮ ಅಪ್ಪನ ಕಾಲದಿಂದ ಜೀಪು ರಿಪೇರಿ ಮಾಡುವ ಕಾಕ ಒಬ್ಬರಿದ್ದಾರೆ. ಕ್ವಾಡ್ ಬೈಕನ್ನು ಅವರು ಗಾಡಿ ಎಂದೇ ಒಪ್ಪುವುದಿಲ್ಲ. ಆದರೂ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಕಷ್ಟ ಹೇಳಿಕೊಂಡೆ. ಬೀಡಿ ಆರಿಸಿ, ಗಾಡಿಯನ್ನು ಬಿಟ್ಟು ಪಿಕಪ್ಪಿನ ಅಡಿಗೆ ಬಗ್ಗಿದರು. “ಮೋನೇ, ಇಲ್ಲಿ ನೋಡು” ಎಂದು ಹಿಂದಿನ ಬ್ಲೇಡ್ ಸೆಟ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ತೋರಿಸಿದರು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ದಪ್ಪ, ನೆಟ್ಟನೆಯ ಬ್ಲೇಡ್. ಮೇಲಿನವಕ್ಕೂ ಅದರ ತುದಿಗೂ ಬೆರಳು ತೂರುವಷ್ಟು ಜಾಗ. “ಖಾಲಿ ಇದ್ದಾಗ ಇದು ಕೆಲಸ ಮಾಡಲ್ಲ. ಇಪ್ಪತ್ತು ಚೀಲ ಕಾಪಿ ಹೇರು, ಆಗ ಮೇಲಿನ ಬ್ಲೇಡ್ ಬಂದು ಇದರ ಮೇಲೆ ಕೂರ್ತದೆ. ಖಾಲಿಗೆ ಮೆತ್ತಗೆ, ಲೋಡಿಗೆ ಗಟ್ಟಿ. ನಿನ್ನ ಆಟದ ಗಾಡಿಗೆ ಇದೇ ಬೇಕು. ಸುರುಳಿಯಲ್ಲಿ ಮಾಡ್ತಾರಾ ಕೇಳು.”

ಮಾಡುತ್ತಾರೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಮಲ್ಟಿ ರೇಟ್ ಎನ್ನುವುದು ಅದನ್ನೇ. ಒಂದೇ ಉದ್ದ ಸ್ಪ್ರಿಂಗಿನ ಬದಲು ಶಾಕಿನ ಮೇಲೆ ಒಂದು ಗಿಡ್ಡ ಸ್ಪ್ರಿಂಗ್, ಅದರ ಕೆಳಗೆ ಒಂದು ಉದ್ದದ್ದು, ನಡುವೆ ಜಾರುವ ನೈಲಾನ್ ಬಳೆ. ಬಳೆಗಿಂತ ಸ್ವಲ್ಪ ಮೇಲೆ ಶಾಕಿನ ಮೈಗೆ ಥ್ರೆಡ್ ಹಾಕಿ ಕೂರಿಸಿದ ಎರಡು ತೆಳು ರಿಂಗು. ಮೊದಮೊದಲು ಎರಡೂ ಸ್ಪ್ರಿಂಗು ಒಟ್ಟಿಗೆ ಅದುಮಿಕೊಳ್ಳುತ್ತವೆ, ಆಗ ಒಟ್ಟಾರೆ ಮೆತ್ತಗೆ. ಬಳೆ ಮೇಲೆ ಸರಿದು ರಿಂಗಿಗೆ ತಾಗಿತೋ, ಗಿಡ್ಡ ಸ್ಪ್ರಿಂಗಿನ ಆಟ ಮುಗಿಯಿತು. ಅಲ್ಲಿಂದ ಮುಂದೆ ಉದ್ದದ್ದು ಒಂದೇ, ಅದು ಗಟ್ಟಿ. ತಾಗುವ ಆ ಜಾಗಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಮೂರು ಸ್ಪ್ರಿಂಗಿನದೂ ಇದೆ, ರೇಸಿನವರು ಹಾಕುತ್ತಾರೆ. ನನಗೆ ಎರಡನ್ನು ಸಂಭಾಳಿಸುವಷ್ಟರಲ್ಲೇ ಸಾಕುಸಾಕಾಯಿತು.

ಇಲ್ಲೊಂದು ವಿಚಿತ್ರ ಲೆಕ್ಕವಿದೆ, ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಎರಡು ಸ್ಪ್ರಿಂಗನ್ನು ಒಂದರ ಮೇಲೊಂದು ಇಟ್ಟರೆ ಗಟ್ಟಿತನ ಕೂಡುವುದಿಲ್ಲ, ಎರಡರಲ್ಲಿ ಮೆತ್ತಗಿರುವುದಕ್ಕಿಂತಲೂ ಮೆತ್ತಗಾಗುತ್ತದೆ. ಎರಡನ್ನೂ ಗುಣಿಸಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಬೇಕು. 5 ಮತ್ತು 8 ಇಟ್ಟರೆ 40 ಭಾಗ 13, ಅಂದರೆ 3.1. ಯೋಚಿಸಿದರೆ ಸರಿಯೇ. ಒಂದೇ ಭಾರಕ್ಕೆ ಎರಡೂ ಕುಗ್ಗುತ್ತವೆ, ಕುಗ್ಗಿದ್ದು ಎರಡೂ ಸೇರುತ್ತದೆ.

ಬೇರೆ ದಾರಿಗಳನ್ನೂ ನೋಡದೆ ಇರಲಿಲ್ಲ. ಸುತ್ತುಗಳ ನಡುವಿನ ಅಂತರ ಬರಬರುತ್ತಾ ಕಡಿಮೆಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಸಿಗುತ್ತದೆ. ಒಂದೇ ತುಂಡು, ತಲೆನೋವಿಲ್ಲ. ಆದರೆ ಎಲ್ಲಿ ಗಟ್ಟಿಯಾಗಬೇಕೆಂದು ನಾವು ಹೇಳುವ ಹಾಗಿಲ್ಲ, ಫ್ಯಾಕ್ಟರಿಯವರು ಸುತ್ತಿದ ಹಾಗೆ. ಫಾಕ್ಸ್‌ನವರ ಫ್ಲೋಟ್ ತರದ ಗಾಳಿ ಶಾಕಿನಲ್ಲಿ ಸ್ಪ್ರಿಂಗೇ ಇಲ್ಲ, ಹಗುರ, ಒತ್ತಿದಷ್ಟೂ ತಾನೇ ಗಟ್ಟಿಯಾಗುತ್ತದೆ. ಅದರ ಸೀಲಿಗೆ ನಮ್ಮ ಗದ್ದೆಯ ಕೆಸರು ಹೊಕ್ಕರೆ ಸರ್ವಿಸಿಗೆ ಯಾವ ಊರಿಗೆ ಕಳಿಸಲಿ? ಬಿಟ್ಟೆ. ಲೇತಿನವನೊಬ್ಬ ಇದ್ದ ಸ್ಪ್ರಿಂಗಿನದೇ ಒಂದು ಸುತ್ತು ಕತ್ತರಿಸಿಕೊಡುತ್ತೇನೆ ಎಂದ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುವುದು ನಿಜ, ಅಷ್ಟು ಅವನಿಗೂ ಗೊತ್ತು. ಆದರೆ ಕತ್ತರಿಸಿದ ತುದಿ ಸಮತಟ್ಟಾಗಿ ಕೂರುವುದಿಲ್ಲ, ಪೂರ್ತಿ ಒತ್ತಿದಾಗ ಸುತ್ತಿಗೆ ಸುತ್ತು ತಾಗಿ ನಿಲ್ಲುವುದು ಎಲ್ಲೆಂದು ಯಾರಿಗೂ ಹೇಳಲಾಗದು. ಆಟೋರಿಕ್ಷಾದ ಸ್ಪ್ರಿಂಗ್ ಹೊಂದಿಸುವ ಸಲಹೆಯೂ ಬಂತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಕುವಾಗ ಒಂದು ಉಪಯೋಗದ ವಿಷಯ ಸಿಕ್ಕಿತು. 2003ರಿಂದ ಕೆಲವು ವರ್ಷ ಕವಾಸಾಕಿಯವರ ಕೆಎಫ್‌ಎಕ್ಸ್ 400 ಎಂಬ ಗಾಡಿ ಬರುತ್ತಿತ್ತು, ಅದು ಝಡ್ 400ರ ಅವಳಿ. ಆರ್ಕ್ಟಿಕ್ ಕ್ಯಾಟ್ ಡಿವಿಎಕ್ಸ್ 400 ಕೂಡ ಅದೇ ಬಸಿರಿನದು. ಹಾಗಾಗಿ ಒಂದರ ಹೆಸರಲ್ಲಿ ಇಲ್ಲದ್ದು ಇನ್ನೊಂದರ ಹೆಸರಲ್ಲಿ ಸಿಗುತ್ತದೆ. ಕೊನೆಗೆ ಥ್ರೆಡ್ ಇರುವ ಮೈಯ, ಎರಡು ಸ್ಪ್ರಿಂಗ್ ಕೂರುವ ಒಂದು ಜೊತೆ ಶಾಕನ್ನು ಸೆಕೆಂಡ್‌ಹ್ಯಾಂಡ್ ಹಿಡಿದೆ, ಸ್ಪ್ರಿಂಗಿಗೆ ಹೊರದೇಶಕ್ಕೆ ಬರೆದೆ. ಅವರು ಕೇಳಿದ ಪ್ರಶ್ನೆಗಳು ಐದಾರೇ. ಗಾಡಿ ಯಾವುದು, ಚಕ್ರವನ್ನು ಗಾಡಿಗೆ ಹಿಡಿದಿಡುವ ಎ-ಆರ್ಮ್ ಕಂಪನಿಯದೋ ಉದ್ದ ಮಾಡಿದ್ದೋ, ಎಂಥ ಜಾಗದಲ್ಲಿ ಓಡಿಸುತ್ತೀರಿ, ಗಾಡಿಗೆ ಹೆಚ್ಚುವರಿ ಏನಾದರೂ ಕಟ್ಟಿದ್ದೀರಾ, ಹೆಲ್ಮೆಟ್ಟು ಬೂಟು ಎಲ್ಲ ಸೇರಿ ನಿಮ್ಮ ತೂಕ ಎಷ್ಟು. ಕೊನೆಯದಕ್ಕೆ ನಾನು ಬರೆದದ್ದು ಹೇಳಿದೆನಲ್ಲ. ಹೆಚ್ಚುವರಿ ಏನೂ ಇಲ್ಲ ಎಂದೂ ಬರೆದೆ. ಮುಂದೆ ದಪ್ಪ ಪೈಪಿನ ಬಂಪರ್ ಬೆಸೆಸಿಕೊಂಡದ್ದು ನೆನಪಿಗೇ ಬರಲಿಲ್ಲ. ಕಣ್ಣೆದುರೇ ಇರುವುದು ಕಾಣುವುದಿಲ್ಲ.

ಸ್ಪ್ರಿಂಗ್ ಬಂದಾಗ ಜೂನ್, ಮಳೆ ಹಿಡಿದಿತ್ತು. ಪೆಟ್ಟಿಗೆಯಲ್ಲಿ ಉದ್ದದ್ದು ಎರಡು, ಗಿಡ್ಡದ್ದು ಎರಡು. ಉದ್ದದ್ದರ ಮೇಲೆ 250, ಗಿಡ್ಡದ್ದರ ಮೇಲೆ 300 ಎಂದು ಮುದ್ರೆ. ಇದು ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ. ಕೆ.ಜಿ., ಮಿ.ಮೀ.ಗೆ ತರಬೇಕಾದರೆ 56ರಿಂದ ಭಾಗಿಸಿದರೆ ಸಾಕು. 250 ಅಂದರೆ ಸುಮಾರು 4.5, 300 ಅಂದರೆ 5.4. ಜೊತೆಯಾದಾಗ ಎರಡೂವರೆಗಿಂತ ಚೂರು ಕಡಿಮೆ, 2.43.

ಮುದ್ರೆ ನಂಬಬಹುದೇ ಎಂದು ಪರೀಕ್ಷೆ ಮಾಡಿಬಿಟ್ಟೆ. ಮಳೆಗಾಲದಲ್ಲಿ ಕಾಫಿ ತೂಗುವ ಎಲೆಕ್ಟ್ರಾನಿಕ್ ಕಾಟಾಕ್ಕೆ ಕೆಲಸವಿಲ್ಲ. ಅದನ್ನು ಜೀಪಿನ ಚಾಸಿಗೆ ನೇರ ಕೆಳಗಿಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಬಾಟಲ್ ಜಾಕು, ಜಾಕಿನ ತಲೆಗೂ ಚಾಸಿಗೂ ನಡುವೆ ಸ್ಪ್ರಿಂಗ್. ಸ್ಪ್ರಿಂಗಿನ ಒಳಗೆ ಒಂದು ಕಬ್ಬಿಣದ ರಾಡು ತೂರಿಸಿದ್ದೆ, ಚಿಮ್ಮಿದರೆ ಮುಖಕ್ಕೆ ಬಾರದಿರಲಿ ಎಂದು. ಈ ರಾಡಿಲ್ಲದೆ ಯಾರೂ ಕೈಹಾಕಬೇಡಿ. ಕಾಟಾವನ್ನು ಸೊನ್ನೆಗೆ ತಂದು, ಮೊದಲ 10 ಮಿ.ಮೀ. ಸುಮ್ಮನೆ ಒತ್ತಿಬಿಟ್ಟು, ಅಲ್ಲಿಂದ 10 ಮಿ.ಮೀ.ಗೊಮ್ಮೆ ಓದುತ್ತಾ ಹೋದೆ. ಪ್ರತಿ ಸಲ 44 ಇಲ್ಲ 45 ಕೆ.ಜಿ. ಏರುತ್ತಿತ್ತು. ಮುದ್ರೆ ಸರಿಯಾಗಿಯೇ ಇತ್ತು. ತೋಟದ ಲೆಕ್ಕ ಬರೆಯುವ ರೈಟ್ರು ಬಂದು ಬಾಗಿಲಲ್ಲಿ ನಿಂತು ನೋಡಿ, ಕಾಟಾದ ತಟ್ಟೆಗೆ ಗ್ರೀಸ್ ತಾಗಿಸಬೇಡಿ ಎಂದಷ್ಟೇ ಹೇಳಿ ಹೋದರು.

ಜೋಡಿಸಿ, ಸಂದಿ 20 ಮಿ.ಮೀ. ಇಟ್ಟು (ಬಳೆಗೂ ರಿಂಗಿಗೂ ನಡುವಿನ ಅಂತರ), ಮಳೆ ಬಿಟ್ಟ ಒಂದು ಮಧ್ಯಾಹ್ನ ಹೊರಟೆ. ಬೇರುಗಳ ಮೇಲೆ ಹೋದ ಕೂಡಲೇ ಎದೆ ಒಡೆಯಿತು. ಹಳೆಯ ಸ್ಪ್ರಿಂಗಿಗಿಂತಲೂ ಒರಟು. ಮೆತ್ತಗಿನದು ಹಾಕಿ ಗಟ್ಟಿಯಾಯಿತೆಂದರೆ ಯಾರಿಗೆ ಹೇಳುವುದು? ಶಾಕಿನ ಎಣ್ಣೆ ಕೆಟ್ಟಿರಬೇಕು ಎಂದುಕೊಂಡೆ. ಟಯರಿನ ಗಾಳಿ ಇಳಿಸಿ ನೋಡಿದೆ. ಶಾಕು ವಾಪಸ್ ಚಿಮ್ಮುವ ವೇಗ ಹಿಡಿಯುವ ರಿಬೌಂಡ್ ತಿರುಪು ಆಚೆ ಈಚೆ ಮಾಡಿದೆ. ಮತ್ತೆ ಪ್ರೀಲೋಡ್ ಬಿಗಿದೆ, ಇನ್ನೂ ಕೆಟ್ಟಿತು.

ಕಾಕನನ್ನೇ ತೋಟಕ್ಕೆ ಕರೆದುಕೊಂಡು ಬಂದೆ. ಅವರು ಕಾಫಿ ಕುಡಿದು, ಶಾಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂದಿಯಲ್ಲಿ ಬೆರಳಾಡಿಸಿ, “ಒಳಗೆ ರೊಟ್ಟಿ ಹಿಟ್ಟು ಇದ್ರೆ ಒಂದು ಉಂಡೆ ತಾ” ಅಂದರು. ಅಡಿಗೆಮನೆಯಲ್ಲಿ ಮನೆಯವಳು ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ ನಾದುತ್ತಿದ್ದಳು. ಕೇಳಿದರೆ ಕೊಡುವುದಿಲ್ಲವೆಂದು ಕೇಳದೆ ನಿಂಬೆಗಾತ್ರದ್ದು ಹರಿದುಕೊಂಡು ಬಂದೆ. ಕಾಕ ಅದನ್ನು ಅಂಗೈಯಲ್ಲಿ ಸಿಗರೇಟಿನ ಹಾಗೆ ಹೊಸೆದು, ಬೆರಳಗಲ ಚಿವುಟಿ, ಬಳೆ ಮತ್ತು ರಿಂಗಿನ ಸಂದಿಯಲ್ಲಿ ನಿಲ್ಲಿಸಿದರು. “ಮೆಲ್ಲ ಹತ್ತಿ ಕೂರು. ಕುಣೀಬೇಡ. ಇಳಿ.”

ಕೂತೆ, ಇಳಿದೆ. ಹಿಟ್ಟನ್ನು ಉಗುರಿನಿಂದ ಬಿಡಿಸಿ ನನ್ನ ಅಂಗೈಗೆ ಹಾಕಿದರು. ವೀಳ್ಯದೆಲೆಗಿಂತ ತೆಳ್ಳಗೆ, ಆಚೆಯ ಬೆಳಕು ಕಾಣುತ್ತಿತ್ತು. ಒಂದು ಮೈಗೆ ನೈಲಾನ್ ಬಳೆಯ ಗೆರೆ, ಇನ್ನೊಂದು ಮೈಗೆ ರಿಂಗಿನ ಹಲ್ಲಿನ ಗುರುತು. ಅಂದರೆ ನಾನು ಬರಿದೇ ಕೂತಾಗಲೇ ಗಿಡ್ಡ ಸ್ಪ್ರಿಂಗ್ ಮುಗಿದುಹೋಗುತ್ತಿತ್ತು. ಗಾಡಿ ಹೊರಡುವ ಮೊದಲೇ ಕ್ರಾಸ್‌ಓವರ್ ಆಗಿಬಿಟ್ಟಿತ್ತು. ಬೇರಿನ ಪ್ರತಿ ಪೆಟ್ಟೂ ನೇರ ಗಟ್ಟಿ ಸ್ಪ್ರಿಂಗಿಗೆ. ಮೆತ್ತಗಿನ ಭಾಗಕ್ಕೆ ದುಡ್ಡು ಕೊಟ್ಟು ಅದನ್ನು ಕೂರುವುದಕ್ಕೇ ಖರ್ಚು ಮಾಡಿದ್ದೆ. ಪಿಕಪ್ಪಿಗೆ ಸದಾ ನಲವತ್ತು ಚೀಲ ಹೇರಿಯೇ ಇಟ್ಟರೆ ಅಡಿಯ ಬ್ಲೇಡ್ ಯಾವತ್ತೂ ಬಿಡುಗಡೆಯಾಗುವುದಿಲ್ಲ, ಹಾಗೆ.

“ತೂಕ ಎಷ್ಟು ಬರೆದೆ?” ಕಾಕ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಅವರು ಕಾಟಾ ಇದ್ದ ಕಡೆ ನೋಡಿದರು.

ಬೂಟು, ಹೆಲ್ಮೆಟ್, ಎದೆಗವಚ, ನೀರಿನ ಚೀಲ ಎಲ್ಲ ಏರಿಸಿಕೊಂಡು ನಿಂತರೆ 96. ಬಂಪರ್ ಬಿಚ್ಚಿ ಇಟ್ಟರೆ 11. ಆ 11 ಕೆ.ಜಿ. ಚಕ್ರಕ್ಕಿಂತ ಮುಂದೆ ನೇತಾಡುವುದರಿಂದ ಪೂರ್ತಿ ಮುಂದಿನ ಶಾಕಿನ ತಲೆಗೇ ಬರುತ್ತದೆ, ಮೇಲೊಂದು ಅರ್ಧ ಕೆ.ಜಿ. ಬಡ್ಡಿ.

ಆವತ್ತಿನಿಂದ ಊಹೆ ಬಿಟ್ಟು ಅಳತೆಗೆ ಕೂತೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಮೊದಲು ಒಂದು ಮುಂದಿನ ಚಕ್ರದ ಕೆಳಗೆ ಕಾಟಾ ಇಟ್ಟು, ಉಳಿದ ಮೂರಕ್ಕೂ ಅಷ್ಟೇ ಎತ್ತರದ ಹಲಗೆ ಕೊಟ್ಟು, ಪೂರ್ತಿ ವೇಷದಲ್ಲಿ ಕೂತೆ. ಮಗ ಮಂಗಳೂರಿನಲ್ಲಿ ಓದುವುದರಿಂದ ಅಂಕಿ ಓದಲು ರೈಟ್ರೇ ಬಂದರು. 71. ಇನ್ನೊಂದು ಚಕ್ರವೂ ಹಾಗೇ. ಇದರಲ್ಲಿ ಟಯರು, ರಿಮ್ಮು, ಹಬ್ಬು, ಆರ್ಮಿನ ಅರ್ಧದ ಭಾರ ಸ್ಪ್ರಿಂಗಿನ ಮೇಲೆ ಬರುವುದಿಲ್ಲ. ಅದಕ್ಕೆ 16 ಕಳೆದೆ. ಉಳಿದದ್ದು 55.

ಆಮೇಲೆ ಸ್ಪ್ರಿಂಗ್ ಬಿಚ್ಚಿ, ಬರೀ ಶಾಕು ಮಾತ್ರ ಬಿಟ್ಟು, ಚಕ್ರವನ್ನು ಜಾಕಿನಿಂದ 50 ಮಿ.ಮೀ. ಎತ್ತಿದೆ. ಶಾಕಿನ ಬೋಲ್ಟಿಗೂ ಬೋಲ್ಟಿಗೂ ನಡುವೆ 26 ಮಿ.ಮೀ. ಕಡಿಮೆಯಾಯಿತು. ಚಕ್ರ ಒಂದು ಗೇಣು ಆಡಿದರೆ ಶಾಕು ಅರ್ಧ ಗೇಣು ಆಡುತ್ತದೆ, 0.52. ಈ ಅಂಕಿಯನ್ನು ಒಂದು ಸಲ ಗುಣಿಸಿದರೆ ಸಾಲದು, ಎರಡು ಸಲ ಗುಣಿಸಬೇಕು. ಹಾರೆಯಿಂದ ಕಲ್ಲು ಮೀಟುವವರಿಗೆ ಇದು ಕೈಗೇ ಗೊತ್ತು. ಹಿಡಿಯ ತುದಿ ಜಾಸ್ತಿ ದೂರ ಹೋಗುತ್ತದೆ, ಬಲವೂ ಕಡಿಮೆ ಸಾಕು. ದೂರಕ್ಕೊಂದು ಸಲ, ಬಲಕ್ಕೊಂದು ಸಲ. ಹಾಗಾಗಿ ಸ್ಪ್ರಿಂಗಿನ ಗಟ್ಟಿತನದಲ್ಲಿ ಚಕ್ರದ ಹತ್ತಿರ ಉಳಿಯುವುದು ಕಾಲು ಭಾಗಕ್ಕಿಂತ ಚೂರು ಹೆಚ್ಚು, 0.27.

ಇಷ್ಟಾದ ಮೇಲೆ ಅಂಗೈ ಮೇಲಿನ ಹಿಟ್ಟು ಹೇಳಿದ್ದನ್ನೇ ಕಾಗದವೂ ಹೇಳಿತು. 2.43ನ್ನು 0.27ರಿಂದ ಗುಣಿಸಿದರೆ ಚಕ್ರದಲ್ಲಿ 0.66. 55 ಕೆ.ಜಿ. ಹೊತ್ತರೆ 83 ಮಿ.ಮೀ. ಕುಸಿತ. ಈ ಗಾಡಿಯ ಮುಂದಿನ ಚಕ್ರದ ಒಟ್ಟು ಆಟವೇ 216 ಮಿ.ಮೀ. ಮೂರರಲ್ಲೊಂದು ಭಾಗದ ಒಳಗೆ ಇರಬೇಕಾದ ಕುಸಿತ ಐದರಲ್ಲಿ ಎರಡು ಭಾಗದ ಹತ್ತಿರ ಹೋಗಿತ್ತು. ಶಾಕಿನಲ್ಲಿ ಅದು 43 ಮಿ.ಮೀ., ಅದರಲ್ಲಿ ಗಿಡ್ಡ ಸ್ಪ್ರಿಂಗಿನ ಪಾಲು ಹೆಚ್ಚುಕಡಿಮೆ 20. ನಾನಿಟ್ಟ ಸಂದಿಯೂ 20. ಸೊನ್ನೆ ಉಳಿಯದೆ ಇನ್ನೇನು ಉಳಿಯಬೇಕು?

ಎರಡನೆಯ ಸಲ ಉಲ್ಟಾ ಲೆಕ್ಕ ಹಾಕಿದೆ. ಕುಸಿತ ಸುಮಾರು 65 ಮಿ.ಮೀ. ಬೇಕು. 55ನ್ನು 65ರಿಂದ ಭಾಗಿಸಿದರೆ 0.85, ಅದನ್ನು 0.27ರಿಂದ ಭಾಗಿಸಿದರೆ ಜೊತೆಯ ಗಟ್ಟಿತನ 3.1. ಅದನ್ನು ಯಾವ ಎರಡು ಸ್ಪ್ರಿಂಗಿನಿಂದ ಪಡೆಯಲಿ ಎಂಬುದೇ ನಿಜವಾದ ಆಯ್ಕೆ. ಉದ್ದದ್ದು ಗದ್ದೆಗೆ ಬಿದ್ದಾಗ ತಡೆಯಬೇಕಾದದ್ದು, ಅದಕ್ಕೆ 5 ಅಂದರೆ 280ರ ಸ್ಪ್ರಿಂಗ್ ಎಂದು ನಿಶ್ಚಯಿಸಿದೆ. ಆಮೇಲೆ ಗಿಡ್ಡದ್ದು ತಾನಾಗಿ ಬಂತು, 8, ಅಂದರೆ 450. ಗಿಡ್ಡದ್ದರ ಮೇಲಿನ ಅಂಕಿ ಉದ್ದದ್ದಕ್ಕಿಂತ ದೊಡ್ಡದು ನೋಡಿ ಕಾಕನೂ ಒಂದು ನಿಮಿಷ ಗೊಂದಲಗೊಂಡರು. ಮೆತ್ತಗಿನ ಭಾಗಕ್ಕೆ ಗಟ್ಟಿ ಸ್ಪ್ರಿಂಗ್ ಯಾಕೆ ಎಂದು. ಗಿಡ್ಡದ್ದು ಮೆತ್ತಗಿರಬೇಕಾಗಿಲ್ಲ, ಜೊತೆಗೂಡಿದಾಗ ಮೆತ್ತಗಾದರೆ ಸಾಕು.

ಸ್ಪ್ರಿಂಗ್ ತರಿಸುವವರು ಗಟ್ಟಿತನ ಒಂದನ್ನೇ ಕೇಳಿ ಸುಮ್ಮನಾಗಬಾರದು. ಒಳ ವ್ಯಾಸ ಶಾಕಿನ ಮೈಗೆ ಹೊಂದಬೇಕು. ಬಿಡುವಾಗಿದ್ದಾಗಿನ ಉದ್ದ ಎಷ್ಟು, ಸುತ್ತಿಗೆ ಸುತ್ತು ತಾಗುವ ಮೊದಲು ಎಷ್ಟು ಕುಗ್ಗುತ್ತದೆ ಎಂಬುದನ್ನೂ ಬರೆಸಿಕೊಳ್ಳಬೇಕು. ನನ್ನ ಶಾಕಿನ ಆಟ 112 ಮಿ.ಮೀ. ಗಿಡ್ಡದ್ದು 17-20ರಲ್ಲಿ ನಿಲ್ಲುತ್ತದೆ, ಉಳಿದ ತೊಂಬತ್ತೈದನ್ನು ಉದ್ದದ್ದು ಒಂಟಿಯಾಗಿ ನುಂಗಬೇಕು. ಅಷ್ಟು ನುಂಗಲಾಗದೆ ಸುತ್ತು ಕಚ್ಚಿಕೊಂಡರೆ ಶಾಕಿನ ಒಳಗಿನ ರಬ್ಬರಿಗೆ ತಾಗುವ ಬದಲು ಉಕ್ಕಿಗೆ ಉಕ್ಕು ತಾಗಿ, ಮುರಿಯುವುದು ಶಾಕಿನ ಕಿವಿ.

ಎರಡನೆಯ ಜೊತೆ ಬಂದದ್ದು ತುಲಾ ಸಂಕ್ರಮಣ ಕಳೆದ ಮೇಲೆ. ಕಾಟಾ ಪರೀಕ್ಷೆ ಮತ್ತೆ ಮಾಡಿದೆ, 10 ಮಿ.ಮೀ.ಗೆ ಐವತ್ತು ಐವತ್ತು ಏರಿತು. ಜೋಡಿಸಿ ಕೂತು ಅಳೆದರೆ 66 ಮಿ.ಮೀ. ಕುಸಿತ. ಹಿಟ್ಟಿನ ಪರೀಕ್ಷೆಗೆ ಈ ಸಲ ಕೇಳಿಯೇ ಹಿಟ್ಟು ತಂದೆ. ಅವಳು ಕೊಡುವಾಗ ಮುಖ ನೋಡಲಿಲ್ಲ. ಕೂತು ಇಳಿದಾಗ ಹಿಟ್ಟು ದಪ್ಪ ರೊಟ್ಟಿಯಷ್ಟು ಉಳಿದಿತ್ತು, ಆರೂವರೆ ಮಿ.ಮೀ.

ಬೇರುಗಳ ಮೇಲೆ ಮೊದಲ ಸಲ ಹೋದಾಗಿನ ಸುಖ ಹೇಳಿದರೆ ಜಂಬ ಅನ್ನುತ್ತೀರಿ. ಚಕ್ರಗಳು ಕೆಳಗೆ ಪಟಪಟ ಕುಣಿಯುತ್ತಿವೆ, ಹ್ಯಾಂಡಲ್ ಸುಮ್ಮನಿದೆ. ಅದೇ ದಾರಿ ಅಂತ ಅನ್ನಿಸಲಿಲ್ಲ.

ಗದ್ದೆಯ ಪರೀಕ್ಷೆಗೆ ಮಾತ್ರ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿಯುವವರೆಗೆ ಕಾಯಬೇಕಾಯಿತು. ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಖಾಲಿ ಗದ್ದೆಯಲ್ಲಿ ಆಟೋಕ್ರಾಸ್ ಕಾರು ರೇಸು ಮಾಡುವವರೂ ಇದೇ ಹೊತ್ತಿಗೆ ಕಾಯುವುದು. ಶಾಕಿನ ಸರಳಿಗೆ ಒಂದು ಪ್ಲಾಸ್ಟಿಕ್ ಝಿಪ್ ಟೈ ಸಡಿಲವಾಗಿ ಕಟ್ಟಿದೆ. ಶಾಕು ಎಲ್ಲಿಯವರೆಗೆ ಒಳಗೆ ಹೋಗುತ್ತದೋ ಅದನ್ನು ಅಲ್ಲಿಯವರೆಗೆ ತಳ್ಳಿ ಬಿಟ್ಟುಬರುತ್ತದೆ. ಇದರಷ್ಟು ಅಗ್ಗದ, ಇದರಷ್ಟು ಪ್ರಾಮಾಣಿಕ ಸಾಕ್ಷಿ ಬೇರೆ ಇಲ್ಲ. ಮೂರು ಸಲ ಏರಿ ಹಾರಿದೆ. ಠಣ್ ಇಲ್ಲ, ಆದರೆ ಝಿಪ್ ಟೈ ಕೊನೆಯ ರಬ್ಬರಿಗೆ ಅಂಟಿಕೊಂಡು ಕೂತಿತ್ತು. ಇನ್ನು ಚೂರು ಎತ್ತರದಿಂದ ಬಿದ್ದರೆ ತಾಗುವುದೇ ಸೈ.

ಇಲ್ಲಿ ಸ್ಪ್ರಿಂಗ್ ಬದಲಿಸಬೇಕಾಗಲಿಲ್ಲ, ಪ್ರೀಲೋಡೂ ಮುಟ್ಟಲಿಲ್ಲ. ಸಂದಿಯ ರಿಂಗನ್ನು 20ರಿಂದ 17ಕ್ಕೆ ಇಳಿಸಿದೆ, ಅಷ್ಟೇ. ಮೂರು ಮಿ.ಮೀ. ಅಂದರೆ ಏನೂ ಅಲ್ಲ ಅನ್ನಿಸಬಹುದು. ಲೆಕ್ಕ ಹಾಕಿದರೆ, ಚಕ್ರ 100 ಮಿ.ಮೀ. ಎದ್ದಾಗ ಬರುತ್ತಿದ್ದ ಗಟ್ಟಿತನ ಈಗ 85ಕ್ಕೇ ಬರುತ್ತದೆ. ಕೂತಾಗ ಉಳಿಯುವ ಹಿಟ್ಟು ನಾಲ್ಕು ಮಿ.ಮೀ.ಗೆ ಇಳಿಯಿತು, ಬೇರಿಗೆ ಅದು ಧಾರಾಳ ಸಾಕು. ಮುಂದಿನ ಹಾರಾಟದಲ್ಲಿ ಝಿಪ್ ಟೈ ರಬ್ಬರಿನಿಂದ ಒಂದು ಬೆರಳು ದೂರ ನಿಂತಿತು. ಜೊತೆಗೆ ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲುವುದೂ ಕಡಿಮೆಯಾಯಿತು, ಹೊರಚಕ್ರ ಬೇಗ ಗಟ್ಟಿಗೆ ಸಿಗುತ್ತದಲ್ಲ. ಅದನ್ನು ನಾನು ಬಯಸಿರಲಿಲ್ಲ, ಬಂದದ್ದನ್ನು ಬೇಡ ಅನ್ನಲಿಲ್ಲ.

ಸ್ಪ್ರಿಂಗ್ ಗಟ್ಟಿಯಾದರೆ ಅದು ವಾಪಸ್ ಚಿಮ್ಮುವುದೂ ಜೋರು. ರಿಬೌಂಡ್ ತಿರುಪನ್ನು ಎರಡು ಕ್ಲಿಕ್ ಬಿಗಿದೆ. ಮೂರು ಬಿಗಿದರೆ ಬೇರುಗಳ ನಡುವೆ ಶಾಕು ಮೇಲೆ ಬರುವಷ್ಟರಲ್ಲಿ ಮುಂದಿನ ಬೇರು ಬಂದು, ಗಾಡಿ ಹಂತಹಂತವಾಗಿ ಕೆಳಗೆ ಕೂರುತ್ತಾ ಹೋಗುತ್ತದೆ. ಎರಡೇ ಸರಿ. ಶಾಕಿನ ಒಳಗೆ ಮಾತ್ರ ಕೈಹಾಕಲಿಲ್ಲ, ಅಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ, ಅದು ಶೆಡ್ಡಿನ ಕೆಲಸವಲ್ಲ. ಹಿಂದಿನ ಶಾಕಿಗೆ ಒಂದೇ ಸ್ಪ್ರಿಂಗ್ ಸಾಕೆನಿಸಿತು. ಅಲ್ಲಿ ಚಕ್ರಕ್ಕೂ ಶಾಕಿಗೂ ನಡುವೆ ಲಿಂಕೇಜ್ (ಸನ್ನೆಗಳ ಜೋಡಣೆ) ಇರುವುದರಿಂದ ಚಕ್ರ ಮೇಲೆ ಹೋದಂತೆಲ್ಲ ತಾನೇ ಗಟ್ಟಿಯಾಗುತ್ತದೆ. ನನ್ನ ನಿಜವಾದ ತೂಕಕ್ಕೆ ಒಂದು ದರ್ಜೆ ಗಟ್ಟಿಯದು ಹಾಕಿ ಮುಗಿಸಿದೆ.

ಬೇಡವಾದ ಮೊದಲ ಜೊತೆ ಸ್ಟೋರಿನಲ್ಲಿ ಗೋಣಿಚೀಲದ ಪಕ್ಕ ಮೊಳೆಗೆ ನೇತಾಡುತ್ತಿತ್ತು. ಜನವರಿಯಲ್ಲಿ ಮಗ ಸೆಮಿಸ್ಟರ್ ರಜೆಗೆ ಬಂದ. ಗಾಡಿ ಓಡಿಸಿ ಬಂದು, “ಅಪ್ಪ, ಇದು ಮುಂದೆ ಗಟ್ಟಿ ಇದೆ, ನಂಗೆ ಆಗಲ್ಲ” ಅಂದ. ಅವನಿಗೆ ಹೌದು. ನನಗೆ ಆ ಕ್ಷಣ ಮೊಳೆಯ ಮೇಲಿನ ಸ್ಪ್ರಿಂಗ್ ನೆನಪಾಯಿತು. ಅವನ ತೂಕಕ್ಕೆ, ಬಂಪರ್ ಬಿಚ್ಚಿಬಿಟ್ಟರೆ, ಅದೇ 2.43ರ ಜೊತೆಯಲ್ಲಿ ಕುಸಿತ ಎಷ್ಟು ಬಂದೀತು?

“ನಿನ್ನ ತೂಕ ಎಷ್ಟು?”

“64.”

ಸಂಜೆ ನಾಲ್ಕೂವರೆ. ಕಣದಲ್ಲಿ ಕೊಯ್ಲಿನವರು ಹಣ್ಣಿನ ಚೀಲ ಇಳಿಸಿಕೊಂಡು ಸಾಲಾಗಿ ಕೂತಿದ್ದರು. ಕಾಟಾದ ಮುಂದೆ ರೈಟ್ರು ಪುಸ್ತಕ ಬಿಚ್ಚಿಕೊಂಡು ಒಂದೊಂದೇ ಚೀಲದ ತೂಕ ಬರೆಯುತ್ತಿದ್ದರು. ಬೂಟು, ಹೆಲ್ಮೆಟ್ಟು, ಎದೆಗವಚ ಎಲ್ಲ ಹಾಕಿಸಿ ಅವನನ್ನು ಎರಡು ಚೀಲದ ನಡುವೆ ತಟ್ಟೆಯ ಮೇಲೆ ನಿಲ್ಲಿಸಿದೆ. ಹೆಂಗಸರೆಲ್ಲ ನಗತೊಡಗಿದರು. 71.

ಮನಸ್ಸಿನಲ್ಲೇ ಗುಣಿಸಿದೆ. ಒಂದೊಂದು ಚಕ್ರಕ್ಕೆ ನಲವತ್ತಮೂರೂವರೆ, ಕುಸಿತ 66. ಗೆರೆ ಎಳೆದ ಹಾಗೆ ನನ್ನದರಷ್ಟೇ. ತಲೆಯೆತ್ತಿದರೆ ರೈಟ್ರು ಅಭ್ಯಾಸಬಲದಿಂದ 71 ಕೆ.ಜಿ. ಎಂದು ಪುಸ್ತಕದಲ್ಲಿ ಬರೆದುಬಿಟ್ಟಿದ್ದರು, ಯಾರ ಹೆಸರಿಗೆಂದು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು.